ಅಜ್ಜನಿಗೆ ಇದನ್ನೆಲ್ಲ ಹೇಗೆ ಹೇಳೋದು? ನೀವು ಹೇಗೆ ಹೇಳಿದಿರಿ?

ತೋಟದಮನೆ ಹುಡುಗಿ

ನಮ್ಮ ಅಜ್ಜನಿಗೆ ಈಗ 86. ಸಾಗರದ ಹತ್ತಿರ ಸಣ್ಣ ಊರು, ಎರಡು ಎಕರೆ ಅಡಿಕೆ ತೋಟ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಹೋದ ವಾರ ಊರಿಗೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿದೆ. ನನ್ನನ್ನು ಬೆಳೆಸಿದವರು ಇವರು. ಅದನ್ನು ಒಂದು ದಿನವೂ ಬಾಯಿಬಿಟ್ಟು ಅವರ ಹತ್ತಿರ ಹೇಳಿಲ್ಲ.

ಅಪ್ಪನಿಗೆ ಎರಡೆರಡು ವರ್ಷಕ್ಕೆ ವರ್ಗ ಆಗುತ್ತಿತ್ತು. ಹಾಗಾಗಿ ನಾಲ್ಕನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕ ನಾನು ಅಜ್ಜನ ಮನೆಯಲ್ಲೇ ಇದ್ದೆ. ಮಳೆಗಾಲದಲ್ಲಿ ಶಾಲೆಗೆ ಹೋಗಲು ಹಳ್ಳ ದಾಟಬೇಕು. ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಅಜ್ಜ ಮುಂದೆ ಹೋಗಿ, ನಡುವೆ ನಿಂತು, ಎರಡು ಸಲ ಕಾಲಲ್ಲಿ ಅದುಮಿ ನೋಡಿ, ಆಮೇಲೆ "ಬಾ" ಅನ್ನುತ್ತಿದ್ದರು. ಸಂಜೆ ಮತ್ತೆ ಅದೇ ಜಾಗದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿರುತ್ತಿದ್ದರು. ಏಳು ಮಳೆಗಾಲ ಹೀಗೇ ಆಯಿತು.

ಎಂಟನೇ ಕ್ಲಾಸಲ್ಲಿ ನಾನು ಗಣಿತದಲ್ಲಿ ಫೇಲಾದೆ. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಅಜ್ಜ ಮಾತ್ರ ಏನೂ ಕೇಳಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನ ಬಂತು. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸಿದ ಡ್ರಮ್ಮಿನ ಮುಂದೆ ಅಜ್ಜ, ಮರ ಹತ್ತುವವರು ಮೂರು ಜನ. ಬೂದಿಯಲ್ಲಿ ಉಜ್ಜಿ ಫಳಫಳ ಮಾಡಿದ ಚಾಕುವನ್ನು ಔಷಧಿಯಲ್ಲಿ ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ತುತ್ತ ಜಾಸ್ತಿ, ಇನ್ನೂ ಸುಣ್ಣ ಬೇಕು ಅಂತ ಅರ್ಥ. ಯಾವಾಗಲೂ ಅಜ್ಜನೇ ನೋಡುತ್ತಿದ್ದರು. ಅವತ್ತು ಚಾಕು ನನ್ನ ಕೈಗೆ ಕೊಟ್ಟು "ನೀ ನೋಡಿ ಹೇಳು" ಅಂದರು.

ಅದ್ದಿ, ಒಂದು ನಿಮಿಷ ಬಿಟ್ಟು ತೆಗೆದೆ. ಅಲಗಿನ ತುದಿಯಲ್ಲಿ ಕಾವಿ ಸವರಿದ ಹಾಗೆ ತೆಳ್ಳಗೆ ಬಣ್ಣ. "ಕೆಂಪಿದೆ ಅಜ್ಜ" ಅಂದೆ. ಅವರು ಚಾಕು ವಾಪಸ್ ತೆಗೆದುಕೊಂಡು ನೋಡಲಿಲ್ಲ. ಸುಮ್ಮನೆ ಒಂದು ಚೊಂಬು ಸುಣ್ಣದ ನೀರು ಹಾಕಿದರು. ಮತ್ತೆ ಅದ್ದಿದೆ. "ಇನ್ನೂ ಇದೆ." ಮತ್ತೊಂದು ಚೊಂಬು. ಮೂರನೇ ಸಲ ಅಲಗು ಹಾಗೇ ಬೆಳ್ಳಗಿತ್ತು. "ಸಾಕು ಅಜ್ಜ" ಅಂದೆ. ಅವರು ಮೇಲೆ ನೋಡಿ "ಹೊಡೀರಿ" ಅಂದರು. ಅಷ್ಟೇ. ಫೇಲಾದ ಹುಡುಗಿಯ ಮಾತಿನ ಮೇಲೆ ಇಡೀ ವರ್ಷದ ಬೆಳೆ ಬಿಟ್ಟರು. ಅದಾದ ಮೇಲೆ ನನಗೆ ಗಣಿತದ ಹೆದರಿಕೆ ಹೋಯಿತು. ಈಗ ಲೆಕ್ಕದ ಕೆಲಸವನ್ನೇ ಮಾಡುತ್ತಿದ್ದೇನೆ.

ಇದನ್ನು ಅವರಿಗೆ ಹೇಗೆ ಹೇಳೋದು? ನಮ್ಮಲ್ಲಿ ಅಜ್ಜನಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. 80 ತುಂಬಿದಾಗ 1000 ಹುಣ್ಣಿಮೆ ಕಂಡರು ಅಂತ ಸಹಸ್ರಚಂದ್ರ ಶಾಂತಿ ಮಾಡಿಸಿದೆವು. ಶಾಲು ಹಾರ ಎಲ್ಲ ಆಯಿತು. ಅಜ್ಜ ನಡುವೆಯೇ ಎದ್ದು ಕರುವಿಗೆ ನೀರಿಟ್ಟಿದ್ದಾರಾ ಅಂತ ನೋಡಲು ಹೋದರು. ಹಾಗಾಗಿ ಸಮಾರಂಭ ಬೇಡ. ನೀವು ಹೇಗೆ ಹೇಳಿದಿರಿ?

ಗುಬ್ಬಿಗೂಡು

ಹೇಳಬೇಡಿ. ನಾಲ್ಕು ದಿನ ರಜೆ ಹಾಕಿ ಪಕ್ಕದಲ್ಲಿ ಕೂತುಕೊಳ್ಳಿ. ಅವರಿಗೆ ಗೊತ್ತಾಗುತ್ತೆ.

ಕೀಲಿ ಗಡಿಯಾರ

ಗುಬ್ಬಿಗೂಡು, ನಾನು ಒಪ್ಪಲ್ಲ. "ಗೊತ್ತಾಗುತ್ತೆ" ಅಂದುಕೊಂಡೇ ನಾನು ಕೂತಿದ್ದೆ.

ನಮ್ಮ ತಾತ ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾಯಿತಲ್ಲ, ಅದು. ಅವರ ಕೈಯಲ್ಲಿ 17 ಕಲ್ಲಿನ ಜನತಾ ವಾಚು. ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾಗುವಾಗ ಕೀಲಿ ಕೊಡುತ್ತಿದ್ದರು. ನಾನು ಐದು ವರ್ಷದವನಿದ್ದಾಗ ಆ ಕೆಲಸ ನನಗೆ ಕೊಟ್ಟರು. "ಬಿಗಿ ಆಯ್ತು ಅನ್ನಿಸಿದ ತಕ್ಷಣ ನಿಲ್ಲಿಸು, ಅದರ ಮೇಲೆ ಒಂದು ಸುತ್ತೂ ಬೇಡ." ನನ್ನ ಬೆರಳಿನ ಮೇಲೆ ಅವರ ಬೆರಳು ಇಟ್ಟು ಆ ಬಿಗಿ ಹೇಗಿರುತ್ತೆ ಅಂತ ತೋರಿಸಿದ್ದರು.

ಕಾಲೇಜು, ಕೆಲಸ, ಮದುವೆ ಅಂತ ನಾನು ಬೇರೆ ಊರಿಗೆ ಹೋದೆ. ಬಂದಾಗಲೆಲ್ಲ ಪಕ್ಕದಲ್ಲಿ ಕೂತಿದ್ದೇನೆ. ಹೇಳಲಿಲ್ಲ. 2016ರಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ತಾತ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಫೋನಲ್ಲಿ ಹೇಳಿದರು. ಆಗಲೂ ನಾನು "ವಯಸ್ಸಾಗಿದೆ, ಸರಿ ಹೋಗುತ್ತೆ" ಅಂದೆ. ಮುಂದಿನ ವರ್ಷ ಅವರು ಇರಲಿಲ್ಲ. ಈಗ ವಾಚು ನನ್ನ ಹತ್ತಿರ ಇದೆ. ದಿನಾ ಕೀಲಿ ಕೊಡುತ್ತೇನೆ. ಆದರೆ ಅವರಿಗೆ ಗೊತ್ತಿತ್ತಾ ಇಲ್ವಾ, ಅದು ಇವತ್ತಿಗೂ ತಿಳಿಯದು.

ಹೇಳಿ. ಹೇಗಾದರೂ ಹೇಳಿ.

ಎಣಿಕೆಯವನು

ಒಂದು ಸಣ್ಣ ತಿದ್ದುಪಡಿ. 80 ತುಂಬಿದ ದಿನಕ್ಕೆ 1000 ಹುಣ್ಣಿಮೆ ಆಗಿರಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. 1000 ಹುಣ್ಣಿಮೆಗೆ 29,530 ದಿನ. ವರ್ಷಕ್ಕೆ 365.25ರ ಹಾಗೆ ಭಾಗಿಸಿದರೆ 80 ವರ್ಷ 10 ತಿಂಗಳು ಬರುತ್ತೆ.

ಸುರಗಿ

ನಮ್ಮ ಕಡೆ 84ಕ್ಕೆ ಮಾಡುತ್ತಾರೆ. ಪುರೋಹಿತರು 83 ಮುಗಿದ ಮೇಲೇ ಅಂತ ಹೇಳಿದ್ದರು.

ಎಣಿಕೆಯವನು

ಅದೂ ಒಂದು ಲೆಕ್ಕ. ವರ್ಷಕ್ಕೆ 12 ಹುಣ್ಣಿಮೆ ಅಂತ ಮಾತ್ರ ಹಿಡಿದರೆ 1000ಕ್ಕೆ 83 ವರ್ಷ 4 ತಿಂಗಳು ಬೇಕು. ಅಧಿಕ ಮಾಸದ ಹುಣ್ಣಿಮೆಗಳನ್ನೂ ಸೇರಿಸಿದರೆ 80 ವರ್ಷ 10 ತಿಂಗಳಿಗೇ ಮುಗಿಯುತ್ತೆ. ಎರಡೂ ಕಡೆಯವರು ಅವರವರ ಲೆಕ್ಕದಲ್ಲಿ ಸರಿ. ಹೇಗೆ ಎಣಿಸಿದರೂ 86ರ ಅಜ್ಜ 1000 ದಾಟಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಬಿಳಿಜೋಳ

ನಮ್ಮ ಕಡೆ ಶಾಂತಿ ಗೀಂತಿ ಇಲ್ಲ, ಆದರೆ ಬೇರೆ ಒಂದಿದೆ. ನಮ್ಮದು ವಿಜಯಪುರ ಕಡೆ. ಮುತ್ಯಾ ಅಂತೇವೆ. ಹೆಳವರು ಗೊತ್ತಲ್ಲ? ಮನೆತನದ ಹೆಸರುಗಳನ್ನು ತಲೆಮಾರಿನಿಂದ ಇಟ್ಟುಕೊಂಡು ಬಂದವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಕಟ್ಟೆ ಮೇಲೆ ಕೂತು ನಮ್ಮ ಮನೆಯ ಹಿರಿಯರ ಹೆಸರು ಒಂದಾದ ಮೇಲೊಂದು ಹೇಳುತ್ತಿದ್ದರು. ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗ ಬೇರೆ ಊರಿಗೆ ಹೋದ, ಎಲ್ಲ. ಕೇಳಿದ ಮೇಲೆ ಜೋಳ, ಬಟ್ಟೆ, ದುಡ್ಡು ಕೊಟ್ಟು ಕಳಿಸುವುದು.

ನನಗೆ ಹತ್ತು ವರ್ಷ ಇದ್ದಾಗ ಹೆಳವರು ಬಂದರು. ಮುತ್ಯಾ ನನ್ನನ್ನು ಹೊಲದಿಂದ ಕರೆಸಿದರು. ಕೈಕಾಲು ತೊಳೆಸಿ, ಅಂಗಿ ಬದಲಿಸಿ, ಹೆಳವರ ಮುಂದೆ ನಿಲ್ಲಿಸಿ "ಇವನ ಹೆಸರು ಬರಕೋ, ನನ್ನ ಹೆಸರಿನ ಕೆಳಗ" ಅಂದರು. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದರು. ಮುತ್ಯಾನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ನನಗೆ ಅವತ್ತು ಏನೂ ಅರ್ಥ ಆಗಿರಲಿಲ್ಲ. ಹೋದ ವರ್ಷ ನನ್ನ ಮಗಳ ಹೆಸರು ಬರೆಸಿದಾಗ ಅರ್ಥ ಆಯಿತು.

ಅಕ್ಕಾರ, ನಿಮ್ಮ ಅಜ್ಜನ ಹಿಂದಿನವರ ಹೆಸರು ಕೇಳಿ ಬರೆದಿಡಿ. ಎಷ್ಟು ತಲೆ ಹಿಂದೆ ಗೊತ್ತೋ ಅಷ್ಟು. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಬೀದಿಕೊನೆ

ಮುತ್ಯಾ ಅಂದರೆ ಮುತ್ತಜ್ಜ ಅಲ್ವಾ? ಅಜ್ಜನ ಅಪ್ಪ?

ಬಿಳಿಜೋಳ

ಅಲ್ಲ. ನಮ್ಮ ಕಡೆ ಅಪ್ಪನ ಅಪ್ಪನೇ ಮುತ್ಯಾ. ಊರಲ್ಲಿ ಯಾವ ಹಿರಿಯರನ್ನಾದರೂ ಮುತ್ಯಾ ಅಂತ ಕರೆಯುತ್ತೇವೆ.

ಕರಾವಳಿ ಗಾಳಿ

ನಮ್ಮಲ್ಲಿ ಅಜ್ಜ. ಮೈಸೂರಿನ ನನ್ನ ಹೆಂಡತಿ ತಾತ ಅನ್ನುತ್ತಾಳೆ. ಮಗ ಇಬ್ಬರನ್ನೂ ಹಾಗೇ ಕರೆಯುತ್ತಾನೆ, ಉಡುಪಿ ಅಜ್ಜ, ಮೈಸೂರು ತಾತ. ಯಾರ ವಿಷಯ ಅಂತ ಒಂದೇ ಮಾತಲ್ಲಿ ಗೊತ್ತಾಗುತ್ತೆ.

ಕಡಲಾಚೆ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ವಿಡಿಯೋ ಕಾಲ್ ಮಾಡಿದರೆ ನಮ್ಮ ತಾತ ಫೋನನ್ನು ಕಿವಿಗೇ ಹಿಡಿಯುತ್ತಾರೆ. ನನಗೆ ಪೂರ್ತಿ ಕಾಲ್ ಅವರ ಕಿವಿ, ಬಿಳಿ ಕೂದಲು ಕಾಣುತ್ತೆ. ಮೊದಲು ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ. ಆ ಕಿವಿಯಲ್ಲಿ ಒಂದು ಸಣ್ಣ ತೂತಿದೆ, ಚಿಕ್ಕಂದಿನಲ್ಲಿ ಒಂಟಿ ಹಾಕಿದ್ದರಂತೆ. ಇಷ್ಟು ವರ್ಷ ಜೊತೆಗಿದ್ದರೂ ನಾನು ನೋಡಿರಲಿಲ್ಲ.

ನನ್ನ ಸಲಹೆ: ಮಾತು ರೆಕಾರ್ಡ್ ಮಾಡಿಕೊಳ್ಳಿ. ದಿನಾ ಅರ್ಧ ಗಂಟೆ ಸಾಕು. ಶಾಲೆ, ಮದುವೆ, ಮೊದಲ ಸಲ ಬೆಂಗಳೂರು ನೋಡಿದ್ದು, ಹೀಗೆ ಒಂದೊಂದು ದಿನ ಒಂದೊಂದು ವಿಷಯ. ನನ್ನ ಹತ್ತಿರ 40 ಗಂಟೆಗಿಂತ ಜಾಸ್ತಿ ಇದೆ.

ತುತ್ತ ಸುಣ್ಣ

ಫೋನ್ ಮುಂದಿಟ್ಟು "ಹೇಳಿ ಅಜ್ಜ" ಅಂದರೆ ನಮ್ಮ ಕಡೆಯವರು ಒಂದು ಮಾತೂ ಆಡಲ್ಲ. ನಾನು ಮಾಡಿ ನೋಡಿದ್ದೇನೆ. ನಮ್ಮಜ್ಜ ಬೆನ್ನು ನೆಟ್ಟಗೆ ಮಾಡಿ, ಭಾಷಣ ಮಾಡುವವರ ಹಾಗೆ ಎರಡು ವಾಕ್ಯ ಹೇಳಿ ನಿಲ್ಲಿಸಿದರು. ಅದೇ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರು ಅಂದರೆ ರಾತ್ರಿ ಹನ್ನೊಂದರ ತನಕ ಕಥೆ. ಕೈಗೆ ಕೆಲಸ ಇದ್ದರೆ ಬಾಯಿ ತಾನೇ ಬಿಚ್ಚುತ್ತೆ.

ಇನ್ನೊಂದು ಮಾತು. ಚಾಕು ಅದ್ದಿ ನೋಡುವುದನ್ನು ಓದಿ ತುಂಬಾ ಖುಷಿಯಾಯಿತು. ಈಗ ಎಷ್ಟೋ ಜನ ನೋಡುವುದೇ ಇಲ್ಲ. 100 ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಅಂತ ಹಾಕಿ ಹೊಡೆದುಬಿಡುತ್ತಾರೆ. ಸುಣ್ಣ ಹಳೆಯದಾಗಿದ್ದರೆ ಆ ಲೆಕ್ಕ ನಡೆಯಲ್ಲ. ತುತ್ತ ಜಾಸ್ತಿ ಉಳಿದರೆ ಮಿಳ್ಳೆ, ಅಂದರೆ ಎಳೆಯ ಅಡಿಕೆ ಕಾಯಿ, ಸುಟ್ಟುಹೋಗುತ್ತೆ. ನಿಮ್ಮಜ್ಜ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿದ್ದು ತಾನೇ? ಕಬ್ಬಿಣದ್ದಕ್ಕೆ ಹಾಕಬಾರದು.

ತೋಟದಮನೆ ಹುಡುಗಿ

ಹೌದು, ನೀಲಿ ಪ್ಲಾಸ್ಟಿಕ್ ಡ್ರಮ್. ಮುಂಚೆ ಮರದ ಪೀಪಾಯಿ ಇತ್ತಂತೆ. ಮೊದಲು ಕಲಸುವಾಗ ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಸುಣ್ಣವನ್ನು ತುತ್ತಕ್ಕೆ ಹಾಕಬಾರದು ಅಂತ ಅಜ್ಜ ಪ್ರತಿ ಸಲ ಹೇಳುತ್ತಾರೆ. ಕಲಸಿದ್ದು ಅವತ್ತೇ ಖಾಲಿ ಆಗಬೇಕು.

ಸೋನೆಮಳೆ

ನಿಮ್ಮಜ್ಜನ ಅಜ್ಜನ ಕಾಲದಲ್ಲಿ ಔಷಧಿ ಎಲ್ಲಿತ್ತು? ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆ ಹಾಳೆಯಿಂದ ಟೋಪಿ ಮಾಡಿ ಒಂದೊಂದು ಕೊನೆಗೂ, ಅಂದರೆ ಅಡಿಕೆ ಗೊನೆಗೂ, ಹಾಕುವುದು. ಮಳೆನೀರು ಬೀಳದಿದ್ದರೆ ಕೊಳೆ ಬರಲ್ಲ. ಅದೇ ಒಳ್ಳೆಯದಿತ್ತು. ತುತ್ತ ಹೊಡೆದೂ ಹೊಡೆದೂ ಮಣ್ಣು ಏನಾಗಿದೆ ನೋಡಿ.

ತುತ್ತ ಸುಣ್ಣ

ಕೊಟ್ಟೆ ಕಟ್ಟಲು ಮರ ಹತ್ತುವವರು ಎಲ್ಲಿದ್ದಾರೆ ಈಗ? ಸಾವಿರ ಮರ, ಮರಕ್ಕೆ ಮೂರು ನಾಲ್ಕು ಕೊನೆ. ಅದೂ ಅಲ್ಲದೆ ಔಷಧಿ ಇವತ್ತು ನಿನ್ನೆಯದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಲೆಸ್ಲಿ ಕೋಲ್ಮನ್ ಅಂತ ವಿಜ್ಞಾನಿ ಬಂದರು. ಮಲೆನಾಡಿನ ಕೊಳೆರೋಗ ಯಾಕೆ ಬರುತ್ತೆ ಅಂತ ಕಂಡುಹಿಡಿದು ಇದೇ ತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಹೇಳಿಕೊಟ್ಟದ್ದು ಅವರು. ಮೂಲದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿ ಅದು. ನೂರು ವರ್ಷದ ಮೇಲಾಯಿತು.

ಸೋನೆಮಳೆ

ಕೋಲ್ಮನ್ ವಿಷಯ ಗೊತ್ತು, ಬಹಳ ದೊಡ್ಡ ಮನುಷ್ಯ. ನಾನು ಹೇಳಿದ್ದು ಮಣ್ಣಿನ ಬಗ್ಗೆ. ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ. ಅಜ್ಜನ ವಿಷಯ ನಡೆಯಲಿ.

ನೀಲಿ ಬಾಗಿಲು

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆಯುತ್ತಿದ್ದೀರಿ. ನನಗೆ ಓದುತ್ತ ಓದುತ್ತ ಸಂಕಟ ಆಯಿತು. ನಮ್ಮ ಅಜ್ಜ ಅಮ್ಮನನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಅಮ್ಮ ಕ್ಲಾಸಿಗೇ ಮೊದಲಿದ್ದಳು. ನನ್ನ ಮೇಲೆ ಅಜ್ಜನಿಗೆ ಪ್ರಾಣ. ಪೇಟೆಗೆ ಹೋದರೆ ನನಗೆ ಅಂತ ಬತ್ತಾಸು ತರುತ್ತಿದ್ದರು. ಎರಡೂ ಒಂದೇ ಮನುಷ್ಯ. ನಾನು ಅವರಿಗೆ ಥ್ಯಾಂಕ್ಸ್ ಹೇಳಿದರೆ ಅಮ್ಮನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತೆ.

ಮತ್ತೆ ಅಜ್ಜಿಯರ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ಆ ಸಂಕ ದಾಟುವ ಮುಂಚೆ ಬುತ್ತಿ ಕಟ್ಟಿದವರು ಯಾರು?

ಸುರಗಿ

ವಿಷಯ ಅಜ್ಜನ ಬಗ್ಗೆ ಇದೆ, ಅದಕ್ಕೆ ಅಜ್ಜನ ಬಗ್ಗೆ ಬರೆಯುತ್ತಿದ್ದಾರೆ. ಎಲ್ಲದರಲ್ಲೂ ತಪ್ಪು ಹುಡುಕಬೇಡಿ.

ತೋಟದಮನೆ ಹುಡುಗಿ

ಸುರಗಿ, ಇಲ್ಲ, ಅವರು ಕೇಳಿದ್ದು ಸರಿಯಾಗೇ ಇದೆ. ಬುತ್ತಿ ಕಟ್ಟಿದ್ದು ಅಜ್ಜಿ. ನಾಲ್ಕೂವರೆಗೆ ಎದ್ದು ಒಲೆ ಹಚ್ಚುತ್ತಿದ್ದರು. ನನ್ನ ಒದ್ದೆ ಲಂಗವನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ತೊಡಿಸುತ್ತಿದ್ದರು. ಆ ಹೊಗೆಯ ವಾಸನೆ ನನಗೆ ಇವತ್ತಿಗೂ ಮೂಗಿಗೆ ಬರುತ್ತೆ. ನಾನು ಪಿಯುಸಿಯಲ್ಲಿದ್ದಾಗ ಹೋಗಿಬಿಟ್ಟರು. ಅವರಿಗೂ ಏನೂ ಹೇಳಿಲ್ಲ. ಅದಕ್ಕೇ ಅಜ್ಜನ ವಿಷಯದಲ್ಲಿ ಇಷ್ಟು ಅವಸರ ನನಗೆ.

ನೀಲಿ ಬಾಗಿಲು, ನಿಮ್ಮ ಅಜ್ಜ ಇದ್ದಾರಾ?

ನೀಲಿ ಬಾಗಿಲು

ಇದ್ದಾರೆ. 82. ಈಗ ಅಮ್ಮನೇ ಅವರಿಗೆ ಪೇಪರ್ ಓದಿ ಹೇಳುತ್ತಾಳೆ. ಕಣ್ಣು ಕಾಣಲ್ಲ.

ಕೀಲಿ ಗಡಿಯಾರ

ಹೊಗಳಲು ಮನಸ್ಸಿಲ್ಲ ಅಂದರೆ ಹೊಗಳಬೇಡಿ. ಬತ್ತಾಸಿನ ವಿಷಯ ಮಾತ್ರ ಹೇಳಿ. ಅದು ನಿಜ ತಾನೇ? ಶಾಲೆಯ ವಿಷಯವನ್ನೂ ಕೇಳಿ. ಅದೂ ನಿಜ. ಅಮ್ಮ ಎದುರಿಗಿರುವಾಗಲೇ ಕೇಳಿ.

ಹಿನ್ನೀರು

ನಮ್ಮ ಅಜ್ಜ ಮುಳುಗಡೆಯವರು. ಲಿಂಗನಮಕ್ಕಿ ಆಣೆಕಟ್ಟು 1964ಕ್ಕೆ ಆಯಿತು. ಶರಾವತಿ ಕಣಿವೆಯ ಮನೆ, ಗದ್ದೆ, ತೋಟ ಎಲ್ಲ ನೀರಿನಡಿ. ಲಾರಿಯಲ್ಲಿ ಸಾಮಾನು ತಂದು ಕಾಡಿನಲ್ಲಿ ಇಳಿಸಿದರಂತೆ. ಅಪ್ಪನಿಗೆ ಆಗ ಮೂರು ವರ್ಷ. ಜೋಗದ ಕರೆಂಟಿನಲ್ಲಿ ನಾಡಿಗೆ ಬೆಳಕಾದರೂ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ. ಅಜ್ಜ ಇದನ್ನು ಯಾವತ್ತೂ ದೂರಿನ ಹಾಗೆ ಹೇಳಲಿಲ್ಲ. ಹೇಳುತ್ತಲೇ ಇರಲಿಲ್ಲ.

ಒಂದು ಬೇಸಿಗೆ ಹಿನ್ನೀರು ತುಂಬಾ ಇಳಿಯಿತು. ಹಳೆಯ ಹಿರೇಭಾಸ್ಕರ ಆಣೆಕಟ್ಟು ಮೇಲೆದ್ದಿತ್ತು. 1948ರಲ್ಲಿ ಕಟ್ಟಿ ಮುಗಿಸಿದ್ದು, ಲಿಂಗನಮಕ್ಕಿ ಬಂದ ಮೇಲೆ ಅದೇ ಮುಳುಗಿತು. ನೀರು ಕಡಿಮೆಯಾದ ವರ್ಷ ಜನ ಅದನ್ನು ನೋಡಲು ಹೋಗುತ್ತಾರೆ. ಅಜ್ಜ ನನ್ನನ್ನು ಕರೆದುಕೊಂಡು ಹೋದರು, ಆದರೆ ಆಣೆಕಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಒಡೆದ ಕೆಸರಿನ ಮೇಲೆ ನಡೆದು, ಒಂದು ಬಂಡೆ ಹತ್ತಿರ ನಿಂತು, ಅಲ್ಲಿಂದ ಹೆಜ್ಜೆ ಎಣಿಸತೊಡಗಿದರು. ಎಪ್ಪತ್ತೋ ಎಂಬತ್ತೋ ಹೆಜ್ಜೆ. ನಿಂತ ಜಾಗದಲ್ಲಿ ಕೆಂಪು ಕಲ್ಲಿನ ಬಾವಿಕಟ್ಟೆಯ ಒಂದು ಸುತ್ತು ಕಾಣುತ್ತಿತ್ತು. ಚಪ್ಪಲಿ ಬಿಟ್ಟು ಕೂತರು. ಪಕ್ಕದ ಕೆಸರು ತೋರಿಸಿ "ನಿನ್ನಪ್ಪ ಹುಟ್ಟಿದ್ದು ಇಲ್ಲಿ" ಅಂದರು. ಆಮೇಲೆ ಇಬ್ಬರೂ ಅಲ್ಲೇ ಕೂತು ಅವಲಕ್ಕಿ ತಿಂದೆವು.

ನಾನು ಅವರಿಗೆ ಏನು ಹೇಳಿದೆ ಅಂತ ಕೇಳಿದರೆ, ಏನೂ ಹೇಳಲಿಲ್ಲ. ಆದರೆ ಆ ಬಂಡೆ ಎಲ್ಲಿದೆ, ಎಷ್ಟು ಹೆಜ್ಜೆ, ಯಾವ ದಿಕ್ಕು ಅಂತ ಅವರ ಎದುರೇ ಪುಸ್ತಕದಲ್ಲಿ ಬರೆದುಕೊಂಡೆ. ಅವರು ಅದನ್ನು ತೆಗೆದುಕೊಂಡು ನೋಡಿ, "ಬಡಗು ಅಂತ ಬರಿ, ನೀ ಮೂಡು ಅಂತ ಬರೆದಿದ್ದೀಯ" ಅಂದರು. ತಿದ್ದಿದೆ.

ಬಿಳಿಜೋಳ

ಹಿನ್ನೀರು ಅವರೇ, ಓದಿ ಗಂಟಲು ಕಟ್ಟಿತು. ನಮ್ಮ ಕಡೆ ಆಲಮಟ್ಟಿ ಆಣೆಕಟ್ಟಿನದೂ ಇದೇ ಕಥೆ. ಊರಿಗೆ ಊರೇ ಎದ್ದು ಹೋಗಿವೆ. ಹಳೆ ಊರಿನ ಹೆಸರಿಗೇ "ಹೊಸ" ಸೇರಿಸಿ ಕರೆಯುತ್ತೇವೆ.

ಹಳೇ ಅಂಚೆ

ನಾನು ಅಂಚೆ ಇಲಾಖೆಯಿಂದ ನಿವೃತ್ತ. ನನಗೂ ಈಗ ಮೊಮ್ಮಕ್ಕಳಿದ್ದಾರೆ. ಅಜ್ಜನ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ಎದುರಿಗೆ ಬಂದು ಹೇಳಿದರೆ ನಮಗೆ ಮುಜುಗರ. ಎಲ್ಲಿ ನೋಡಬೇಕು ಅಂತ ಗೊತ್ತಾಗಲ್ಲ. ಅದಕ್ಕೇ ಎದ್ದು ಕರುವಿನ ಹತ್ತಿರ ಹೋಗುವುದು. ವಾಟ್ಸಾಪಿನಲ್ಲಿ ಬಂದರೆ ಮಗನೋ ಸೊಸೆಯೋ ಓದಿ ಹೇಳಬೇಕು, ಅದು ನಮ್ಮದು ಅನ್ನಿಸಲ್ಲ. ಕಾಗದ ಬರೆಯಿರಿ ಮಗಳೇ. ಇನ್‌ಲ್ಯಾಂಡ್ ಕಾಗದಕ್ಕೆ ಎರಡೂವರೆ ರೂಪಾಯಿ. ಕೈಬರಹ, ದೊಡ್ಡ ಅಕ್ಷರ, ಸಾಲುಗಳ ನಡುವೆ ಜಾಗ. ಅಂಚೆಯಲ್ಲೇ ಕಳಿಸಿ, ಕೈಯಲ್ಲಿ ಕೊಡಬೇಡಿ. ಬಾಗಿಲಿಗೆ ಬಂದು ಹೆಸರು ಕೂಗಿದರೆ ಅದರ ತೂಕವೇ ಬೇರೆ. ಒಬ್ಬರೇ ಕೂತು, ಎಷ್ಟು ಸಲ ಬೇಕಾದರೂ ಓದಬಹುದು. ಯಾರೂ ಮುಖ ನೋಡುತ್ತಿರಲ್ಲ.

ಶುರುವಿಗೆ ಹಳೆಯ ಕ್ರಮದಲ್ಲೇ ಬರೆಯಿರಿ. "ತೀರ್ಥರೂಪ ಅಜ್ಜನವರಿಗೆ ನಿಮ್ಮ ಮೊಮ್ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉ॥ ಕು॥ ಸಾಂಪ್ರತ." ಅವರ ವಯಸ್ಸಿನವರಿಗೆ ಇದು ಕಂಡರೆ ಸಾಕು, ಅರ್ಧ ಮನಸ್ಸು ಕರಗುತ್ತೆ.

ಬೀದಿಕೊನೆ

ಉ ಕು ಸಾಂಪ್ರತ ಅಂದರೇನು? ಅಮ್ಮನ ಹಳೆ ಕಾಗದಗಳಲ್ಲಿ ನೋಡಿದ್ದೇನೆ, ಅರ್ಥ ಗೊತ್ತಿಲ್ಲ.

ಹಳೇ ಅಂಚೆ

ಉಭಯ ಕುಶಲೋಪರಿ ಸಾಂಪ್ರತ. ನಾವೂ ಚೆನ್ನಾಗಿದ್ದೇವೆ, ನೀವೂ ಚೆನ್ನಾಗಿದ್ದೀರಿ, ಈಗ ವಿಷಯಕ್ಕೆ ಬರೋಣ ಅಂತ. ಕಾಗದದಲ್ಲಿ ಜಾಗ ಉಳಿಸಲು ಚಿಕ್ಕದು ಮಾಡಿ ಬರೆಯುತ್ತಿದ್ದೆವು.

ಕರಾವಳಿ ಗಾಳಿ

ಅಜ್ಜನಿಗೆ ತೀರ್ಥರೂಪ ಬರುತ್ತಾ? ಅದು ಅಪ್ಪನಿಗೆ ಮಾತ್ರ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಹಳೇ ಅಂಚೆ

ಅಪ್ಪ, ಅಜ್ಜ ಇಬ್ಬರಿಗೂ ಬರೆಯುತ್ತಿದ್ದೆವು. ದೊಡ್ಡಪ್ಪ, ಮಾವ ಇಂಥವರಿಗಾದರೆ "ತೀರ್ಥರೂಪ ಸಮಾನರಾದ".

ಕಡಲಾಚೆ

ಈ ಯೋಚನೆ ನನಗೆ ಬರಲೇ ಇಲ್ಲ. 40 ಗಂಟೆ ಅವರ ಮಾತು ನನ್ನ ಹತ್ತಿರ ಇದೆ. ನನ್ನ ಮಾತು ಅವರ ಹತ್ತಿರ ಒಂದು ಸಾಲೂ ಇಲ್ಲ. ಇವತ್ತೇ ಬರೆಯುತ್ತೇನೆ.

ಗುಬ್ಬಿಗೂಡು

ನನ್ನ ಮಾತು ವಾಪಸ್ ತಗೊಂಡೆ. ಕಾಗದ ಸರಿ.

ತೋಟದಮನೆ ಹುಡುಗಿ

ನಿನ್ನೆ ರಾತ್ರಿ ಬರೆಯಲು ಕೂತೆ. ಕನ್ನಡ ಕೈಬರಹ ಬಿಟ್ಟು ಹತ್ತು ವರ್ಷವಾಗಿತ್ತು. ಮೊದಲ ಎರಡು ಕಾಗದ ಹರಿದು ಹಾಕಿದೆ. ಬರೀ ದೊಡ್ಡ ದೊಡ್ಡ ಮಾತು ಬಂದಿತ್ತು, ಅಜ್ಜ ಇಂಥ ಮಾತು ಆಡಲ್ಲ. ಮೂರನೆಯದರಲ್ಲಿ ಚಾಕುವಿನ ವಿಷಯ ಮಾತ್ರ ಬರೆದೆ. ಕೊನೆಗೆ ಇಷ್ಟು: "ಅವತ್ತು ನೀವು ಚಾಕು ವಾಪಸ್ ಇಸಿದುಕೊಂಡು ನೋಡಲಿಲ್ಲ ಅಜ್ಜ. ನನಗೆ ಅದು ಈಗಲೂ ನೆನಪಿದೆ. ನಾನು ತಪ್ಪು ಹೇಳಿದ್ದರೆ ಮಿಳ್ಳೆ ಸುಟ್ಟುಹೋಗುತ್ತಿತ್ತು, ಅದು ನಿಮಗೆ ಗೊತ್ತಿತ್ತು. ಸಂಕದ ಮೇಲೆ ನೀವು ಅದುಮಿ ನೋಡುತ್ತಿದ್ದದ್ದೂ ನೆನಪಿದೆ. ಅಜ್ಜಿ ಲಂಗ ಒಣಗಿಸುತ್ತಿದ್ದದ್ದೂ ನೆನಪಿದೆ."

ಬೆಳಿಗ್ಗೆ ಡಬ್ಬಿಗೆ ಹಾಕಿ ಬಂದೆ. ಹಾಕುವಾಗ ಕೈ ನಡುಗಿತು.

ನೀಲಿ ಬಾಗಿಲು

ನಾನು ನಿನ್ನೆ ಕೇಳಿದೆ. ಅಮ್ಮ ಪೇಪರ್ ಓದಿ ಮುಗಿಸಿದ ಮೇಲೆ. ಅಜ್ಜ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನ ಕಡೆ ತಿರುಗಿ "ತಪ್ಪಾಯ್ತು ಮಗಾ" ಅಂದರು. ಅಮ್ಮ ಪೇಪರ್ ಮಡಚುತ್ತಲೇ ಇದ್ದಳು, ಮಡಚಿದ್ದನ್ನೇ ಮತ್ತೆ ಮತ್ತೆ. ಇದಕ್ಕಿಂತ ಜಾಸ್ತಿ ಇಲ್ಲಿ ಬರೆಯಲಾಗುತ್ತಿಲ್ಲ. ಕೀಲಿ ಗಡಿಯಾರ ಅವರಿಗೆ ಥ್ಯಾಂಕ್ಸ್.

ಕೀಲಿ ಗಡಿಯಾರ

ಓದಿದೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಬೀದಿಕೊನೆ

ತೋಟದಮನೆ ಹುಡುಗಿ, ಕಾಗದ ತಲುಪಿತಾ? ಹತ್ತು ದಿನ ಆಯಿತು.

ಸುರಗಿ

ನಾನೂ ದಿನಾ ಬಂದು ನೋಡುತ್ತಿದ್ದೇನೆ.

ತೋಟದಮನೆ ಹುಡುಗಿ

ತಲುಪಿದೆ. ಐದನೇ ದಿನಕ್ಕೇ ತಲುಪಿತ್ತಂತೆ. ನನಗೆ ಇವತ್ತು ಚಿಕ್ಕಪ್ಪ ಫೋನ್ ಮಾಡಿದ ಮೇಲೆ ಗೊತ್ತಾಯಿತು.

ಅಂಚೆಯವರು ಕೊಟ್ಟಾಗ ಅಜ್ಜ ಅಂಗಳದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಂತೆ. ಕನ್ನಡಕ ತರಿಸಿ, ಅಲ್ಲೇ ಓದಿ, ಮಡಚಿ ಜೇಬಿಗಿಟ್ಟರು. ಯಾರ ಕಾಗದ ಅಂದರೆ "ಅವಳದ್ದು" ಅಂದರು, ಅಷ್ಟೇ. ಊಟಕ್ಕೆ ಕೂತಾಗಲೂ ಏನೂ ಹೇಳಲಿಲ್ಲ. ಕೂಲಿ ಲೆಕ್ಕದ ಉದ್ದ ಪುಸ್ತಕ ಇದೆ ಅವರದ್ದು, ಅಜ್ಜಿಯ ಫೋಟೋ ಇಟ್ಟಿರುವುದೂ ಅದರಲ್ಲೇ. ರಾತ್ರಿ ಅದರೊಳಗೆ ಇಡುವುದನ್ನು ಚಿಕ್ಕಪ್ಪ ನೋಡಿದ್ದಾರೆ.

ನಿನ್ನೆ ಚಿಕ್ಕಪ್ಪ ತುತ್ತ ತರಲು ಪೇಟೆಗೆ ಹೊರಟಾಗ ಅಜ್ಜ ಕರೆದು ಹೇಳಿದರಂತೆ: "ನನಗೆ ಈಗ ಕೆಂಪು ಸರಿಯಾಗಿ ಕಾಣಲ್ಲ. ಎರಡು ವರ್ಷದಿಂದ ಅಂದಾಜಿನಲ್ಲೇ ಹಾಕುತ್ತಿದ್ದೇನೆ. ಔಷಧಿ ದಿನ ಅವಳಿಗೆ ಬರಲು ಹೇಳು, ಚಾಕು ಅವಳು ನೋಡಲಿ."

ಎರಡು ವರ್ಷದಿಂದ ಕಾಣುತ್ತಿಲ್ಲ ಅಂತ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹಳೇ ಅಂಚೆ

ಉತ್ತರ ಬಂತಲ್ಲ ಮಗಳೇ.

ತುತ್ತ ಸುಣ್ಣ

ಮೊದಲ ಮಳೆ ಹಿಡಿಯುವ ಮುಂಚೆ ಹೋಗಿ. ಎರಡನೇ ಸಲದ್ದಕ್ಕೂ ಈಗಲೇ ರಜೆ ಕೇಳಿಡಿ, ಮೊದಲನೆಯದಾದ 40, 45 ದಿನಕ್ಕೆ ಬರುತ್ತೆ. ಸುಣ್ಣ ಹೊಸದು ತರಿಸಿ. ಕಣ್ಣು ಡಾಕ್ಟರ ಹತ್ತಿರವೂ ಒಮ್ಮೆ ತೋರಿಸಿ, ಪೊರೆ ಇರಬಹುದು.

ತೋಟದಮನೆ ಹುಡುಗಿ

ಸುಣ್ಣ ಚಿಕ್ಕಪ್ಪನಿಗೆ ಹೇಳಿದ್ದೇನೆ. ಕಣ್ಣಿಗೆ ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಮೇ ಕೊನೆ ವಾರಕ್ಕೆ ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿದೆ. ಚಾಕು ಉಜ್ಜಿಡಬೇಡಿ, ಬಂದು ನಾನೇ ಉಜ್ಜುತ್ತೇನೆ ಅಂತ ಅಜ್ಜನಿಗೆ ಹೇಳಿ ಅಂದಿದ್ದೇನೆ.